ಹತ್ತಿರವಾದಷ್ಟೂ

ಬಕ್ರೀದಿಗೆ ನಾಲ್ಕು ದಿನ ಮುಂಚೆ ಶಿವಾಜಿನಗರಕ್ಕೆ ಹೋದರೆ ಕುರಿಗಳ ನಡುವೆ ದಾರಿ ಮಾಡಿಕೊಂಡೇ ನಡೆಯಬೇಕು. ಕೊಳ್ಳುವವರು ಹಲ್ಲು ನೋಡುತ್ತಾರೆ, ಬೆನ್ನು ಅದುಮಿ ನೋಡುತ್ತಾರೆ, ಚೌಕಾಸಿ ಮಾಡುತ್ತಾರೆ. ಕುರಿ ಸೊಪ್ಪು ಮೆಲ್ಲುತ್ತ ನಿಂತಿರುತ್ತದೆ. ಹಾಗೆ ನಿಂತಿದ್ದ ಒಂದು ಬನ್ನೂರು ಕುರಿಯನ್ನು ಕಂಡು ನನಗೆ ಹಲಸೂರಿನ ನಮ್ಮ ಎದುರುಮನೆಯ ನೆನಪಾಯಿತು.

ಎದುರುಮನೆಯ ಯಜಮಾನರಿಗೆ ಹಂಟಿಂಗ್ಟನ್ ಕಾಯಿಲೆ. ಕೈಕಾಲು ತಮ್ಮಷ್ಟಕ್ಕೆ ತಾವೇ ಕುಣಿಯುತ್ತವೆ, ನಡಿಗೆ ತೂರಾಡುತ್ತದೆ. ಕುಡುಕನೆಂದು ಬೀದಿಯವರು ಬಹಳ ದಿನ ನಕ್ಕರು. ನಿಮ್ಹಾನ್ಸಿನಲ್ಲಿ ಪರೀಕ್ಷೆಯಾದ ಮೇಲೆ ನಗು ನಿಂತಿತು. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಇದಕ್ಕೆ ಕಾರಣವಾದ ಜೀನ್ 1993ರಲ್ಲೇ ಸಿಕ್ಕಿತು. ವಾಸಿಮಾಡುವ ಮದ್ದು ಮಾತ್ರ ಇನ್ನೂ ಸಿಕ್ಕಿಲ್ಲ.

ಒಂದು ದಿನ ಅವರ ಹೆಂಡತಿ ಕೇಳಿದರು: "ಮೇಷ್ಟ್ರೇ, ಈ ಕಾಯಿಲೆನ ಕುರಿಗೂ ಬರಿಸಿದಾರಂತಲ್ಲ, ನಿಜವಾ?"

ನಿಜ. ಆ ಜೀನಿನಲ್ಲಿ ಸಿಎಜಿ ಎಂಬ ಮೂರಕ್ಷರ 40 ಅಥವಾ ಅದಕ್ಕಿಂತ ಹೆಚ್ಚು ಸಲ ಮರುಕಳಿಸಿದ್ದರೆ ಮನುಷ್ಯನಿಗೆ ಕಾಯಿಲೆ ಖಂಡಿತ. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯದ ವಿಜ್ಞಾನಿಗಳು 73 ಸಲ ಮರುಕಳಿಸುವ ಮನುಷ್ಯ ಜೀನನ್ನು ಕುರಿಗಳಲ್ಲಿ ಸೇರಿಸಿ 2010ರಲ್ಲಿ ವರದಿ ಪ್ರಕಟಿಸಿದರು. ಆ ಕುರಿಗಳು ನಮ್ಮ ಯಜಮಾನರಂತೆ ತೂರಾಡುವುದಿಲ್ಲ. ಆದರೆ ಮಿದುಳಿನೊಳಗೆ ಕಾಯಿಲೆಯ ಮೊದಲ ಗುರುತುಗಳಿವೆ.

ಕುರಿಯೇ ಏಕೆ? ಇಲಿಯ ಆಯುಸ್ಸು ಎರಡು ಮೂರು ವರ್ಷ, ಮಿದುಳು ನುಣುಪು. ನಡುವಯಸ್ಸಿನಲ್ಲಿ ಮೆಲ್ಲಗೆ ತಲೆಯೆತ್ತುವ ಕಾಯಿಲೆಯನ್ನು ಅದರಲ್ಲಿ ಪೂರ್ತಿ ಕಾಣಲಾಗದು. ಕುರಿ ಹತ್ತು ವರ್ಷ ಬದುಕೀತು. ಅದರ ಮಿದುಳು ನಮ್ಮದರಂತೆ ಮಡಿಕೆ ಮಡಿಕೆ. ಸಣ್ಣ ಪ್ರಾಣಿಗಳಿಂದ ಅದೇ ಫಲ ಸಿಗುವುದಾದರೆ ದೊಡ್ಡವು ಬೇಡವೆಂದು ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಹೇಳುತ್ತದೆ. ಇಲ್ಲಿ ಸಣ್ಣದು ಸಾಲದೆಂಬುದೇ ತೊಡಕು.

ಕುರಿಗೆ ಬುದ್ಧಿಯಿಲ್ಲವೆನ್ನುತ್ತೇವೆ. ಈ ಕಾಯಿಲೆಯನ್ನೇ ಅಭ್ಯಾಸಮಾಡುವ ಕೇಂಬ್ರಿಜ್‌ನ ತಂಡ 2017ರಲ್ಲಿ ತೋರಿಸಿದ್ದು ಬೇರೆ: ಕಲಿಸಿದರೆ ಕುರಿಗಳು ಫೋಟೋದಲ್ಲಿ ಒಬಾಮಾರ ಮುಖವನ್ನೂ ಗುರುತಿಸಬಲ್ಲವು. ಪ್ರಾಣಿ ನಮಗೆ ಹತ್ತಿರವಾದಷ್ಟೂ ಪ್ರಯೋಗದ ಪ್ರಯೋಜನ ಹೆಚ್ಚು. ಹತ್ತಿರವಾದಷ್ಟೂ ಪ್ರಯೋಗಿಸುವ ಹಕ್ಕು ಕಡಿಮೆ. ಒಂದೇ ಕಾರಣ ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ.

ಕುರಿ ತಿನ್ನುವ ಊರಿನಲ್ಲಿ ಈ ಮಾತೇಕೆ ಎಂದು ಕೇಳಬಹುದು. ಸಂತೆಯ ಕುರಿ ಕತ್ತಿಗೆ ಸಿಗುವ ತನಕ ತನ್ನದೇ ಬಾಳು ಬಾಳಿರುತ್ತದೆ. ಆ ಕುರಿಗಾದರೋ ಹುಟ್ಟುವ ಮೊದಲೇ ನಮ್ಮ ವಂಶದ ಸಾಲವನ್ನು ಬರೆದುಕೊಟ್ಟಿದ್ದೇವೆ.

ಇದನ್ನೇ ಆ ತಾಯಿಗೂ ಹೇಳಿದೆ: "ಪಾಪ, ಆ ಕುರಿಯನ್ನು ಯಾರು ಕೇಳಿದರಮ್ಮ?"

"ನನ್ನ ಮಗಳನ್ನ ಯಾರು ಕೇಳಿದ್ರು, ಮೇಷ್ಟ್ರೇ?"

ನನ್ನ ಬಾಯಿ ಕಟ್ಟಿತು. ಮಗಳು ಇನ್ನೂ ಪರೀಕ್ಷೆ ಮಾಡಿಸಿಕೊಂಡಿಲ್ಲ. ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಾಳಂತೆ. ಈ ಜೀನಿನ ಸದ್ದಡಗಿಸುವ ಒಂದು ಚಿಕಿತ್ಸೆಯನ್ನು 2020ರಲ್ಲಿ ಮೊದಲ ಸಲ ರೋಗಿಗಳ ಮಿದುಳಿಗೆ ಕೊಟ್ಟರು. ಅದಕ್ಕೂ ಮುನ್ನ ಅದನ್ನು ನೋಡಿದ್ದು ಇದೇ ಜೀನ್ ಹೊತ್ತ ಗಿಡ್ಡ ತಳಿಯ ಹಂದಿಗಳಲ್ಲಿ. ಹಂದಿಗಳು ಬೇಡವೆಂದರೆ ಆ ಸೂಜಿ ನೇರವಾಗಿ ಆ ಹುಡುಗಿಯಂಥವರ ತಲೆಗೇ ಇಳಿಯಬೇಕು.

ಹಾಗಾಗಿ ಬೇಡವೆನ್ನಲು ನನ್ನಿಂದಾಗದು. ಆದರೆ ಅನಿವಾರ್ಯವೆಂದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ. ಸಣ್ಣ ಪ್ರಾಣಿ ಸಾಕೇ ಎಂದು ಕೇಳಿ ಕಾಯಿದೆ ಸುಮ್ಮನಾಗಬಹುದು. ನಾವು ಇನ್ನೂ ಕೇಳಬೇಕು. ಒಮ್ಮೆ ತಿಳಿದದ್ದಕ್ಕೆ ಮತ್ತೊಂದು ಮಂದೆಯನ್ನು ಹುಟ್ಟಿಸಿದೆವೇ? ಅದು ಕೊಟ್ಟ ತಿಳಿವಳಿಕೆ ಹಲಸೂರಿನ ಬಾಗಿಲಿಗೂ ಬರುತ್ತದೆಯೇ, ದುಡ್ಡಿದ್ದವರ ದೇಶದಲ್ಲೇ ಉಳಿಯುತ್ತದೆಯೇ? ಬಾರದಿದ್ದರೆ ಆ ತಾಯಿಯ ಹೆಸರು ಹೇಳಿ ಕುರಿಗೆ ಮಾಡಿದ್ದು ಬರೀ ಸುಳ್ಳು.

ಸಂತೆಯಲ್ಲಿ ಆ ಕುರಿ ತಲೆಯೆತ್ತಿ ನನ್ನ ಮುಖ ನೋಡಿತು. ನಾನೇ ಮೊದಲು ಕಣ್ಣು ತಪ್ಪಿಸಿದೆ.