ಸೈಕಲ್ಲು ಹೋಯಿತು, ಮಾನವೂ ಹೋಯಿತು

ಕೆಲವು ವರ್ಷಗಳ ಹಿಂದಿನ ಮಾತು. ಕ್ರಿಸ್ತಜಯಂತಿಗೆ ಇನ್ನು ಹತ್ತು ದಿನವಿತ್ತು. ಹುಕ್ಕೇರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿರುವ ನಮ್ಮ ಕುಟುಂಬವೊಂದರ ಯಜಮಾನರು ಬೆಳಗಿನ ಬಲಿಪೂಜೆ ಮುಗಿಯುವ ಹೊತ್ತಿಗೆ ಬಂದು ನಿಂತರು. ಮುಖ ಬಾಡಿತ್ತು. "ಫಾದರ್, ಹಿತ್ತಲದ ಶೆಡ್ಡಿನ್ಯಾಗ ಇಟ್ಟಿದ್ದ ಸೈಕಲ್ ರಾತ್ರಿ ಹೋಗೇತ್ರಿ" ಎಂದರು.

ಆ ಶೆಡ್ಡನ್ನು ನಾನು ನೋಡಿದ್ದೇನೆ. ಮನೆಯ ಹಿಂದೆ ಕರಿಬೇವಿನ ಗಿಡದ ಪಕ್ಕದಲ್ಲಿ ನಾಲ್ಕು ಕಂಬ ನಿಲ್ಲಿಸಿ ಪತ್ರಾಸು ಹೊದಿಸಿದ್ದು. ಒಳಗೆ ಸಲಿಕೆ, ಗುದ್ದಲಿ, ಔಷಧ ಹೊಡೆಯುವ ಪಂಪು, ಗೊಬ್ಬರದ ಚೀಲ. ಬಾಗಿಲಿಗೆ ಬೀಗವಿರಲಿಲ್ಲ, ಒಂದು ತಂತಿಯನ್ನು ಸುತ್ತಿ ಇಡುತ್ತಿದ್ದರು. ಸೈಕಲ್ಲು ಹಿರಿಯ ಮಗನದು. ಕಬ್ಬಿನ ಬಿಲ್ಲು ಬಂದಾಗ ಕೊಡಿಸಿದ್ದು. ಅದನ್ನು ತುಳಿದುಕೊಂಡೇ ಅವನು ದಿನವೂ ಹೈಸ್ಕೂಲಿಗೆ ಹೋಗುತ್ತಿದ್ದ. ನಮ್ಮ ಹಳ್ಳಿಗಳಲ್ಲಿ ಸೈಕಲ್ಲೆಂದರೆ ಆಟದ ಸಾಮಾನಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದ್ದೂ ಶಾಲೆ ದೂರವೆಂಬ ಕಾರಣಕ್ಕೆ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಓದು ಬಿಡಬಾರದೆಂದು. ಹಾಗಾಗಿ ಆ ತಂದೆಯ ಸಂಕಟವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ.

ಅವರು ಇನ್ನೊಂದು ಮಾತು ಹೇಳಿದರು. "ಕಬ್ಬಿನ ಟೋಳಿಯವರದ ಕೆಲಸ ಇದು. ಬ್ಯಾರೆ ಯಾರು ಒಯ್ತಾರ?"

ನಾನು "ಇರಬಹುದು" ಎಂದೆ.

ಪ್ರಿಯ ಓದುಗರೇ, ಈ ಲೇಖನ ಬರೆಯಲು ಕಾರಣ ಕಳುವಾದ ಸೈಕಲ್ಲಲ್ಲ, ನನ್ನ ಬಾಯಿಂದ ಬಂದ ಆ ಒಂದು ಮಾತು.

ಹಿಡಕಲ್ ಅಣೆಕಟ್ಟಿನ ನೀರು, ಘಟಪ್ರಭಾ ಕಾಲುವೆಗಳು ಬಂದ ಮೇಲೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಕಬ್ಬಿನದೇ ರಾಜ್ಯ. ಕಾರ್ಖಾನೆಗಳು ಕಬ್ಬು ನುರಿಸುವ ಕಾಲಕ್ಕೆ ಕಡಿಯುವ ಟೋಳಿಗಳು ಹೊರಗಿನಿಂದ ಬರುತ್ತವೆ. ವಿಜಯಪುರದ ಕಡೆಯವರು, ಮಹಾರಾಷ್ಟ್ರದ ಬೀಡ ಜಿಲ್ಲೆಯವರು. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಬಂದು ಹೊಲದ ಬದಿಯಲ್ಲಿ ಗುಡಿಸಲು ಹಾಕಿಕೊಂಡು ನಾಲ್ಕೈದು ತಿಂಗಳು ಇರುತ್ತಾರೆ. ನಮ್ಮ ಸಕ್ಕರೆಯ ಸಿಹಿ ಅವರ ಕೈಯಿಂದಲೇ ಹಾದು ಬರುತ್ತದೆ. ಆದರೆ ಊರಿನಲ್ಲಿ ಒಂದು ಕೋಳಿ ಕಾಣದಿದ್ದರೂ ಮೊದಲ ಬೆರಳು ಅವರ ಗುಡಿಸಲ ಕಡೆಗೇ ಹೋಗುತ್ತದೆ.

ಅಂದು ಸಂಜೆ ಆ ಯಜಮಾನರು ನಾಲ್ಕು ಜನರನ್ನು ಕರೆದುಕೊಂಡು ಟೋಳಿಯ ಗುಡಿಸಲುಗಳಿಗೆ ಹೋದರು. ಪಾತ್ರೆ ಉರುಳಿಸಿದರು, ಬಟ್ಟೆಯ ಗಂಟುಗಳನ್ನು ಬಿಚ್ಚಿ ಕೊಡವಿದರು. ಹದಿನಾಲ್ಕು ವರ್ಷದ ಒಬ್ಬ ಹುಡುಗನ ಬಳಿ ಹಳೆಯ ಸೈಕಲ್ ಟ್ಯೂಬಿನ ತುಂಡೊಂದು ಸಿಕ್ಕಿತು. ಟ್ಯೂಬಿನ ತುಂಡು ಯಾರ ಮನೆಯಲ್ಲಿಲ್ಲ? ಹೊರೆ ಕಟ್ಟಲು ಎಲ್ಲರೂ ಬಳಸುವಂಥದ್ದೇ. ಆದರೆ ಅಷ್ಟೇ ಸಾಕ್ಷಿ ಎನಿಸಿತು. ಅವನ ತಾಯಿಯ ಎದುರೇ ಅವನ ಕೆನ್ನೆಗೆ ಎರಡು ಏಟು ಬಿದ್ದವು. ಸೈಕಲ್ಲು ಸಿಗಲಿಲ್ಲ.

ಇದನ್ನು ನನಗೆ ತಿಳಿಸಿದವರು ಯಜಮಾನರಲ್ಲ, ಅವರ ಮನೆಯಾಕೆ. ಮುಂದಿನ ಭಾನುವಾರ ಪೂಜೆಯ ನಂತರ ಒಬ್ಬರೇ ನಿಂತಿದ್ದರು. "ಸೈಕಲ್ ಹೋದದ್ದಕ್ಕ ಎರಡು ದಿನ ಅತ್ತೆ ಫಾದರ್. ಆದ್ರ ಆ ಹುಡುಗನ ಮಾರಿ ನೆನಪಾದ್ರ ಈಗೂ ಊಟ ಸೇರೂದಿಲ್ರಿ" ಎಂದರು.

ಕತೆಯ ಕೊನೆಗೆ ಆ ಹುಡುಗ ನಿರಪರಾಧಿಯೆಂದು ತಿಳಿಯಿತು ಎಂದು ನೀವು ನಿರೀಕ್ಷಿಸಬಹುದು. ಹಾಗೇನೂ ಆಗಲಿಲ್ಲ. ಸೈಕಲ್ಲನ್ನು ಯಾರು ಒಯ್ದರೆಂದು ಇಂದಿಗೂ ನಮಗೆ ಗೊತ್ತಿಲ್ಲ. ಇನ್ನು ಮುಂದೆ ಗೊತ್ತಾಗುವುದೂ ಇಲ್ಲ. ನಾನು ನಿಮ್ಮ ಮುಂದಿಡುವ ಪ್ರಶ್ನೆ ಇರುವುದು ಇಲ್ಲಿಯೇ. ಒಂದು ವೇಳೆ ಆ ಹುಡುಗನೇ ಕದ್ದಿದ್ದನೆಂದು ಇಟ್ಟುಕೊಳ್ಳೋಣ. ಆಗ ನಾವು ಮಾಡಿದ್ದು ಸರಿಯಾಗುತ್ತದೆಯೇ?

ಆಗುವುದಿಲ್ಲ. ಏಕೆಂದರೆ ಗುಡಿಸಲಿಗೆ ಹೋಗುವಾಗ ನಮಗೆ ಏನೂ ಗೊತ್ತಿರಲಿಲ್ಲ. ಕಣ್ಣುಮುಚ್ಚಿ ಎಸೆದ ಕಲ್ಲು ತಗುಲಬೇಕಾದವನಿಗೇ ತಗುಲಿದರೂ ಎಸೆದವನು ನ್ಯಾಯವಂತನಾಗುವುದಿಲ್ಲ. ಸಾಕಷ್ಟು ಆಧಾರವಿಲ್ಲದೆ ನೆರೆಯವನ ದೋಷವನ್ನು ನಿಜವೆಂದು ಮನಸ್ಸಿನಲ್ಲಿ ಒಪ್ಪಿಕೊಳ್ಳುವುದನ್ನೇ ಧರ್ಮಸಭೆ ಎಂಟನೆಯ ಆಜ್ಞೆಯ ವಿರುದ್ಧದ ತಪ್ಪೆಂದು ಕಲಿಸುತ್ತದೆ. ಏಳನೆಯ ಆಜ್ಞೆ ಮುರಿದವನನ್ನು ಹುಡುಕಲು ಹೊರಟ ನಾವು ದಾರಿಯಲ್ಲಿ ಎಂಟನೆಯದನ್ನು ಮುರಿದಿದ್ದೆವು.

ಪವಿತ್ರ ಗ್ರಂಥದ ತೊಬೀತನನ್ನು ನೆನೆಯಿರಿ. ಸತ್ತವರನ್ನು ಪ್ರಾಣಭಯ ಬಿಟ್ಟು ಹೂಳುತ್ತಿದ್ದ ಪುಣ್ಯವಂತ. ಕಣ್ಣು ಹೋಗಿ ಕುಳಿತಾಗ ಹೆಂಡತಿ ಅನ್ನಾ ನೇಯ್ಗೆ ಮಾಡಿ ಸಂಸಾರ ಸಾಕುತ್ತಿದ್ದಳು. ಒಂದು ದಿನ ಕೂಲಿಯ ಜೊತೆಗೆ ಧಣಿಗಳು ಅವಳಿಗೆ ಒಂದು ಮೇಕೆಮರಿಯನ್ನೂ ಕೊಟ್ಟರು. ಮರಿಯ ಕೂಗು ಕೇಳಿದ್ದೇ ತಡ, ಅದು ಕದ್ದದ್ದೆಂದು ತೊಬೀತ ತೀರ್ಮಾನಿಸಿದ. ಇನಾಮು ಕೊಟ್ಟದ್ದೆಂದು ಅವಳು ಹೇಳಿದರೂ ನಂಬಲಿಲ್ಲ, ಹಿಂದಿರುಗಿಸು ಎಂದು ಹಟ ಹಿಡಿದ. ತನ್ನ ಹೆಂಡತಿಯನ್ನೇ, ತನಗೆ ಅನ್ನ ಹಾಕುವವಳನ್ನೇ ಕಳ್ಳಿ ಎಂದ. ಕಳ್ಳತನದ ಮೇಲಿನ ದ್ವೇಷವೇ ಒಬ್ಬ ಸಜ್ಜನನನ್ನು ಅನ್ಯಾಯಕ್ಕೆ ದೂಡಬಲ್ಲದೆಂದು ಈ ಎರಡನೆಯ ಅಧ್ಯಾಯ ನಮಗೆ ತೋರಿಸುತ್ತದೆ.

ಸಂತ ಥಾಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿ ಬರೆದ ತಮ್ಮ 'ಸುಮ್ಮಾ ಥಿಯಲಾಜಿಕಾ' ಗ್ರಂಥದಲ್ಲಿ ಸಂಶಯ ಹುಟ್ಟುವ ಕಾರಣಗಳನ್ನು ಎಣಿಸುತ್ತಾರೆ. ತಾನೇ ಕೆಟ್ಟವನಾದವನು ಇತರರನ್ನೂ ಹಾಗೆಯೇ ಕಾಣುತ್ತಾನೆ. ಯಾರ ಮೇಲೆ ದ್ವೇಷ, ತಿರಸ್ಕಾರಗಳಿವೆಯೋ ಅವರ ಬಗ್ಗೆ ಸಣ್ಣ ಸುಳಿವೇ ದೊಡ್ಡದಾಗಿ ಕಾಣುತ್ತದೆ. ಮೂರನೆಯದು ಬಹುಕಾಲದ ಅನುಭವ. ನಮ್ಮದು ಎರಡನೆಯದೇ ಎಂದು ಒಪ್ಪಿಕೊಳ್ಳಬೇಕು. ಟೋಳಿಯವರು ಬಡವರು, ಪರಸ್ಥಳದವರು, ಮೈಮೇಲೆ ಕಬ್ಬಿನ ಮಸಿ ಹೊತ್ತವರು. ಅವರ ಪರವಾಗಿ ಮಾತನಾಡಲು ಊರಲ್ಲಿ ಯಾರೂ ಇಲ್ಲ. ಅದೇ ಊರಿನ ಒಬ್ಬ ಗೌಡರ ಮಗನ ಬಳಿ ಟ್ಯೂಬಿನ ತುಂಡು ಸಿಕ್ಕಿದ್ದರೆ ಏಟು ಬೀಳುತ್ತಿತ್ತೇ?

ಈ ರೋಗ ಹೊಸದಲ್ಲ. ಹುಟ್ಟಿನಿಂದಲೇ ಕಳ್ಳರೆಂದು ಕೆಲವು ಜನಾಂಗಗಳನ್ನು ಪಟ್ಟಿ ಮಾಡುವ ಕಾನೂನನ್ನು ಬ್ರಿಟಿಷ್ ಸರ್ಕಾರ 1871ರಲ್ಲಿ ತಂದಿತು. 1911ರಲ್ಲಿ ಅದು ನಮ್ಮ ಬೆಳಗಾವಿ ಜಿಲ್ಲೆ ಸೇರಿದ್ದ ಮುಂಬಯಿ ಪ್ರಾಂತ್ಯಕ್ಕೂ ವಿಸ್ತರಿಸಿತು. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಅಂಥವರನ್ನು ಇಡುವ ವಸಾಹತುಗಳಾದವು. 'ಸೆಟ್ಲಮೆಂಟ್' ಎಂಬ ಹೆಸರು ಹುಬ್ಬಳ್ಳಿಯಲ್ಲಿ ಇಂದಿಗೂ ಉಳಿದಿದೆ. ಹಾಜರಿ ಹಾಕಬೇಕು, ಅಪ್ಪಣೆಯಿಲ್ಲದೆ ಊರು ಬಿಡಬಾರದು. ಏನೂ ಕದಿಯದ ಮಗುವೂ ಅಲ್ಲಿ ಕಳ್ಳನ ಲೆಕ್ಕದಲ್ಲಿಯೇ ಬೆಳೆಯಬೇಕಾಗಿತ್ತು. ಸ್ವತಂತ್ರ ಭಾರತ 1952ರ ಆಗಸ್ಟ್ 31ರಂದು ಆ ಕಾನೂನನ್ನು ರದ್ದುಮಾಡಿತು. ಪುಸ್ತಕದಿಂದ ಅದು ಹೋಯಿತು. ನಮ್ಮ ನಾಲಿಗೆಯಿಂದ ಹೋಗಿದೆಯೇ? "ಬ್ಯಾರೆ ಯಾರು ಒಯ್ತಾರ?" ಎಂಬ ಪ್ರಶ್ನೆಯಲ್ಲಿ, "ಇರಬಹುದು" ಎಂಬ ಗುರುವಿನ ಉತ್ತರದಲ್ಲಿ ಅದೇ ಕಾನೂನು ಉಸಿರಾಡುತ್ತಿದೆಯಲ್ಲವೇ?

ಹಾಗಾದರೆ ಕಳುವಾದರೆ ಸುಮ್ಮನೆ ಕೈಕಟ್ಟಿ ಕೂರಬೇಕೇ ಎಂದು ನೀವು ಕೇಳಬಹುದು. ಖಂಡಿತ ಇಲ್ಲ. ಬೆವರು ಸುರಿಸಿ ಗಳಿಸಿದ್ದನ್ನು ಕಾಯ್ದುಕೊಳ್ಳುವ ಹಕ್ಕು ಪ್ರತಿ ಕುಟುಂಬಕ್ಕಿದೆ. ಇಲ್ಲಿಯೂ ಅಕ್ವಿನಾಸರು ನಮಗೆ ಒಂದು ಸೂಕ್ಷ್ಮವನ್ನು ಕಲಿಸುತ್ತಾರೆ. ಒಬ್ಬ ವ್ಯಕ್ತಿಯ ಬಗ್ಗೆ ತೀರ್ಪು ಕೊಡುವಾಗ ಸಂದೇಹವಿದ್ದರೆ ಒಳ್ಳೆಯದನ್ನೇ ಭಾವಿಸಬೇಕು. ಒಳ್ಳೆಯವನೊಬ್ಬನನ್ನು ಕೆಟ್ಟವನೆಂದು ತಿಳಿದು ಒಮ್ಮೆ ತಪ್ಪುವುದಕ್ಕಿಂತ, ಕೆಟ್ಟವರನ್ನು ಒಳ್ಳೆಯವರೆಂದು ತಿಳಿದು ಹಲವು ಸಲ ತಪ್ಪುವುದು ಮೇಲು. ಆದರೆ ಕೇಡಿಗೆ ಮುನ್ನೆಚ್ಚರಿಕೆ ಮಾಡುವಾಗ ಕೆಟ್ಟದ್ದು ಆಗಬಹುದೆಂದೇ ಎಣಿಸಿ ನಡೆಯುವುದು ಜಾಣತನ. ಸರಳವಾಗಿ ಹೇಳುವುದಾದರೆ, ಬೀಗ ಹಾಕಬೇಕು, ಬೆರಳು ತೋರಿಸಬಾರದು. ಬೀಗವು ಯಾರ ಹೆಸರನ್ನೂ ಹೇಳುವುದಿಲ್ಲ, ಯಾರ ಮಾನವನ್ನೂ ಕಳೆಯುವುದಿಲ್ಲ. ಕದಿಯಲು ಮನಸ್ಸಾದವನನ್ನು ಆ ಪಾಪದಿಂದ ತಡೆದು ಅವನಿಗೂ ಉಪಕಾರ ಮಾಡುತ್ತದೆ.

ಆದ್ದರಿಂದ ಶೆಡ್ಡಿಗೆ ತಂತಿಯ ಬದಲು ಕೊಂಡಿ, ಬೀಗ ಹಾಕಿಸಿ. ಸೈಕಲ್ಲನ್ನು ಸರಪಳಿಯಿಂದ ಕಂಬಕ್ಕೆ ಕಟ್ಟಿ. ಸೈಕಲ್ಲಿನ ಚೌಕಟ್ಟಿನ ಮೇಲೆ, ಸಾಮಾನ್ಯವಾಗಿ ಪೆಡಲಿನ ಅಚ್ಚಿನ ಕೆಳಭಾಗದಲ್ಲಿ, ಒಂದು ನಂಬರು ಕೊರೆದಿರುತ್ತದೆ. ಅದನ್ನು ಬರೆದು ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಕಳುವಾದರೆ ಠಾಣೆಗೆ ಹೋಗಿ ದೂರು ಕೊಡಿ. ದೂರಿನಲ್ಲಿ ಕಂಡದ್ದನ್ನು ಮಾತ್ರ ಬರೆಯಿರಿ: ಯಾವಾಗ, ಎಲ್ಲಿಂದ, ಯಾವ ಬಣ್ಣ, ಯಾವ ನಂಬರು. ಅನುಮಾನಕ್ಕೆ ಆಧಾರವಿದ್ದರೆ ಆ ಆಧಾರವನ್ನು ಹೇಳಿ, ಜಾತಿಯನ್ನಲ್ಲ, ಊರನ್ನಲ್ಲ. ಹುಡುಕುವುದು ಪೊಲೀಸರ ಕೆಲಸ. ಬಿಲ್ಲಿಲ್ಲದ ಸೈಕಲ್ಲು ಅಗ್ಗಕ್ಕೆ ಬಂದರೆ ಮಕ್ಕಳಿಗಾಗಿ ಕೊಳ್ಳಬೇಡಿ. ಕದ್ದ ಮಾಲೆಂದು ತಿಳಿದೂ ಕೊಳ್ಳುವವನು ಕಾನೂನಿನ ಮುಂದೆ ಮಾತ್ರವಲ್ಲ, ದೇವರ ಮುಂದೆಯೂ ಕಳ್ಳನ ಪಾಲುದಾರ.

ಕಳ್ಳ ಸಿಕ್ಕಿದರೆ? ಆಗಲೂ ಕೈ ಎತ್ತುವ ಹಕ್ಕು ನಮಗಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ವಸ್ತುಗಳನ್ನು ಕಾಯ್ದಿಡುವ ಕಟ್ಟಡದಿಂದ ಕದ್ದರೆ ಏಳು ವರ್ಷದವರೆಗೂ ಸೆರೆ ವಿಧಿಸಬಹುದೆನ್ನುತ್ತದೆ. ಅದೇ ಸಂಹಿತೆ ಸಾಮಾನ್ಯ ಕಳವಿನ ವಿಷಯದಲ್ಲಿ ಇನ್ನೊಂದು ಬಾಗಿಲನ್ನೂ ತೆರೆದಿದೆ. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ತಪ್ಪಿದವನು ಮಾಲನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಇನ್ನು 18 ವರ್ಷದೊಳಗಿನವರಿಗೆ 2015ರ ಬಾಲನ್ಯಾಯ ಕಾಯ್ದೆ ಬೇರೆಯೇ ದಾರಿ ಹಾಕಿದೆ. ಅಲ್ಲಿ ಮಗುವಿನ ಮನೆಯ ಪರಿಸ್ಥಿತಿಯನ್ನು ಮೊದಲು ವಿಚಾರಿಸುತ್ತಾರೆ. ಸರ್ಕಾರದ ಕಾನೂನೇ ಇಷ್ಟು ತಾಳ್ಮೆ ತೋರುವಾಗ, ಕ್ಷಮೆಯ ಪ್ರಾರ್ಥನೆಯನ್ನು ದಿನವೂ ಹೇಳುವ ನಾವು ಕೆನ್ನೆಗೆ ಹೊಡೆಯುವುದೇ?

ಕ್ಷಮೆಯೆಂದರೆ ಹೋದದ್ದು ಹೋಗಲಿ ಎನ್ನುವುದಲ್ಲ. ಮೋಶೆಯ ಧರ್ಮಶಾಸ್ತ್ರದಲ್ಲಿ ಕದ್ದ ಎತ್ತು ಜೀವಂತ ಸಿಕ್ಕರೆ ಎರಡರಷ್ಟು ಕೊಡಬೇಕಿತ್ತು. ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಕೊಡಲು ಮುಂದಾದ. ಈ ಪುಟವನ್ನು ಓದುತ್ತಿರುವವರಲ್ಲಿ ಯಾರ ಬಳಿಯಾದರೂ ಪರರ ವಸ್ತು ಇದ್ದರೆ ಅವರಿಗೊಂದು ಮಾತು: ಪಾಪನಿವೇದನೆ ಮಾಡಿದರೆ ಸಾಲದು, ವಸ್ತುವೂ ಹಿಂದಿರುಗಬೇಕು. ಹೆಸರು ಹೇಳಲು ನಾಚಿಕೆಯಾದರೆ ನಿಮ್ಮ ಗುರುಗಳ ಮೂಲಕ ತಲುಪಿಸಿ. ನಿಮ್ಮ ಗುಟ್ಟು ಅವರೊಂದಿಗೇ ಮಣ್ಣು ಸೇರುತ್ತದೆ.

ಆದರೆ ಇದೇ ನಿಯಮ ಮಾನ ಕಳೆದವರಿಗೂ ಅನ್ವಯಿಸುತ್ತದೆ. ಬೆನ್ನ ಹಿಂದೆ ಒಬ್ಬರ ಹೆಸರು ಕೆಡಿಸುವುದು ಕಳ್ಳತನಕ್ಕಿಂತ ದೊಡ್ಡ ಪಾಪವೆಂದು ಅಕ್ವಿನಾಸರು ಹೇಳುತ್ತಾರೆ, ಏಕೆಂದರೆ ಸಂಪತ್ತಿಗಿಂತ ಒಳ್ಳೆಯ ಹೆಸರು ಹೆಚ್ಚಿನದು. ಸೈಕಲ್ಲನ್ನು ರಾತ್ರಿ ತಂದು ಶೆಡ್ಡಿನಲ್ಲಿ ಇಟ್ಟು ಹೋಗಬಹುದು. ಮಾನವನ್ನು ಹಾಗೆ ಇಟ್ಟು ಬರಲಾಗದು. ನಾಲ್ಕು ಜನರ ಎದುರು ಕಳೆದದ್ದನ್ನು ನಾಲ್ಕು ಜನರ ಎದುರೇ ಕೊಡಬೇಕು.

ಇದನ್ನೇ ನಾನು ಆ ಯಜಮಾನರಿಗೆ ಹೇಳಿದೆ. "ಇರಬಹುದು ಅಂದವನು ನಾನು, ನಾನೂ ಬರುತ್ತೇನೆ" ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಅಂದು ಹೋದ ನಾಲ್ವರಲ್ಲಿ ಇಬ್ಬರು ಮಾತ್ರ ಬರಲು ಒಪ್ಪಿದರು. ಹಬ್ಬದ ಹಿಂದಿನ ದಿನ ಗುಡಿಸಲುಗಳ ಮುಂದೆ ನಿಂತು, ಟೋಳಿಯ ಮುಕಾದಮನ ಎದುರಿಗೆ ಯಜಮಾನರು ಆ ಹುಡುಗನಿಗೆ, "ನಿನ್ನ ಮ್ಯಾಲೆ ಕೈ ಮಾಡಿದ್ದು ತಪ್ಪಾತಪ್ಪ" ಎಂದರು. ನಾನೂ ನನ್ನ ತಪ್ಪನ್ನು ಒಪ್ಪಿಕೊಂಡೆ. ಹುಡುಗ ನೆಲ ನೋಡುತ್ತ ನಿಂತಿದ್ದ, ಮಾತಾಡಲಿಲ್ಲ. ಅವನ ತಾಯಿ ಮಾತ್ರ ಕೇಳಿದಳು: "ಮುಂದಿನ ವರ್ಷ ಬಂದಾಗ ಏನರ ಕಳುವಾದ್ರ ಮತ್ತ ನಮ್ಮ ಗುಡಿಸಲಾನ ಹುಡುಕ್ತೀರೇನ್ರೀ?"

ಆ ಪ್ರಶ್ನೆಗೆ ನಮ್ಮಲ್ಲಿ ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ.

ಪ್ರಿಯ ತಂದೆತಾಯಿಯರೇ, ಇಂದು ಸಂಜೆಯ ಜಪಸರ ಮುಗಿದ ಮೇಲೆ ಈ ಪ್ರಶ್ನೆಯನ್ನು ನಿಮ್ಮ ಮಕ್ಕಳ ಎದುರು ಇಡಿ. ನಮ್ಮ ಮನೆಯಲ್ಲಿ ಏನಾದರೂ ಕಾಣೆಯಾದಾಗ ಮೊದಲು ಯಾರ ಹೆಸರು ನಮ್ಮ ಬಾಯಿಗೆ ಬರುತ್ತದೆ? ಕೆಲಸದವಳದೋ, ಪಕ್ಕದ ಓಣಿಯವರದೋ, ಪರಊರಿನವರದೋ? ಏಕೆ ಬರುತ್ತದೆ? ನಾವು ಪ್ರಾಮಾಣಿಕವಾಗಿ ಉತ್ತರಿಸಿಕೊಂಡರೆ ಆ ತಾಯಿಗೆ ಹೇಳಬೇಕಾದ ಮಾತು ನಮಗೆ ಸಿಗುತ್ತದೆ. ಆಮೇಲೆ ಎದ್ದು ಹೋಗಿ ಶೆಡ್ಡಿನ ಬೀಗ ಹಾಕಿ ಮಲಗಿ.