‘ಹೌದ್ರಿ’ ಅಂದದ್ದು, ಮನಗಂಡದ್ದು

ಕೊಪ್ಪಳ ಜಿಲ್ಲೆಯ ಬೇವೂರಿನ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಹೊಲದ ಇಳಿಜಾರಿಗೆ ಅಡ್ಡ ಒಡ್ಡು ಹಾಕು, ಮಣ್ಣು ಉಳಿದೀತು ಎಂದು ತಿಳಿದವರು ಹೇಳುತ್ತಾರೆ. ಆತ ‘ಹೌದ್ರಿ’ ಅನ್ನುತ್ತಾನೆ. ಸುಳ್ಳೇನಲ್ಲ, ಆದರೂ ಆ ವರ್ಷ ಒಡ್ಡು ಏಳುವುದಿಲ್ಲ. ಒಂದು ಜೋರು ಮಳೆಯ ಮರುದಿನ ತನ್ನ ಎರೆಮಣ್ಣು ಹಳ್ಳದ ನೀರಲ್ಲಿ ಹರಿದುಹೋಗುವುದನ್ನು ಕಂಡಾಗ ಅದೇ ಹಳೆಯ ಮಾತು ತಲಿಗೆ ಹತ್ತುತ್ತದೆ. ಕನ್ನಡದಲ್ಲಿ ಇದಕ್ಕೆ ‘ಮನಗಾಣು’ ಎನ್ನುತ್ತೇವೆ. ಇನ್ನೊಬ್ಬರು ತೋರಿಸಬಹುದು, ಕಾಣಬೇಕಾದದ್ದು ಅವನ ಮನಸ್ಸೇ.

ಹೀಗೆ ತಡವಾಗಿ ಮನಗಂಡ ಒಬ್ಬನ ಮಾತು ಇದೇ ಜಿಲ್ಲೆಯ ಬಂಡೆಯ ಮೇಲಿದೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಕಿರು ಶಾಸನದ ಪ್ರತಿಗಳಿವೆ. ಪಾಲ್ಕಿಗುಂಡಿನದು ಬಹಳ ಸವೆದಿದೆ. ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಆದರೆ ಒಂದು ವರ್ಷ ಅಷ್ಟಾಗಿ ಶ್ರಮಿಸಲಿಲ್ಲ, ಸಂಘದ ಬಳಿ ಹೋದ ಮೇಲೆ ಶ್ರಮಿಸಿದೆ ಎಂದು ಚಕ್ರವರ್ತಿ ಹೇಳಿಕೊಳ್ಳುತ್ತಾನೆ. ಶ್ರಮಕ್ಕೆ ಅಲ್ಲಿರುವ ಪ್ರಾಕೃತ ಪದ ನಮ್ಮ ‘ಪರಾಕ್ರಮ’ದ ದಾಯಾದಿ. ಕತ್ತಿಯ ಮಾತನ್ನು ಒಳಗಿನ ದುಡಿಮೆಗೆ ಹಚ್ಚಿದ್ದು ನನಗೆ ಹಿಡಿಸಿದೆ.

ಈಗ ದೆಹಲಿಯಲ್ಲಿರುವ ತೋಪ್ರಾ ಸ್ತಂಭದಲ್ಲಿ ಅವನು ಇನ್ನೂ ಬಿಡಿಸಿ ಹೇಳುತ್ತಾನೆ. ಧರ್ಮ ಬೆಳೆಯುವುದಕ್ಕೆ ಎರಡು ದಾರಿ, ನಿಯಮ ಮತ್ತು ‘ನಿಝತಿ’. ನಿಯಮದಿಂದ ಆಗುವುದು ಅಲ್ಪ, ನಿಝತಿಯಿಂದಲೇ ಹೆಚ್ಚು. ನಿಝತಿ ‘ಧ್ಯಾನ’ದ ಬೇರಿನ ಪದ, ಆಳವಾಗಿ ಯೋಚಿಸುವಂತೆ ಮಾಡುವುದು ಎಂದರ್ಥ.

ನಿಝತಿ ಎಂದರೆ ಬಾಯಿ ಮುಚ್ಚಿಸುವುದಲ್ಲ. ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನ ತತ್ತ್ವಕ್ಕಾಗಿ ನಡೆಯುವ ‘ವಾದ’ವನ್ನೂ ಗೆಲುವಿಗಾಗಿ ನಡೆಯುವ ‘ಜಲ್ಪ’ವನ್ನೂ ಬೇರೆ ಮಾಡಿತು. ಜಲ್ಪದಲ್ಲಿ ಮಾತು ತಿರುಚುವ ಛಲಕ್ಕೂ ಜಾಗವಿದೆ. ಸೋತವನು ಸುಮ್ಮನಾಗುತ್ತಾನೆ, ಆದರೆ ಮನೆಗೆ ಹೋಗುವಾಗ ತನ್ನ ಹಳೆಯ ಅಭಿಪ್ರಾಯವನ್ನೇ ಬಗಲಲ್ಲಿಟ್ಟುಕೊಂಡು ಹೋಗುತ್ತಾನೆ.

ಹೆದರಿಕೆಯ ಪ್ರಶ್ನೆ ಇನ್ನೂ ತೊಡಕಿನದು. ಕಳಿಂಗ ಯುದ್ಧದ ಪಶ್ಚಾತ್ತಾಪವನ್ನು ಹೇಳುವ ಹದಿಮೂರನೆಯ ಬಂಡೆಶಾಸನದಲ್ಲಿ ಅಶೋಕ ಅಡವಿಯ ಜನರಿಗೂ ತಿಳಿಹೇಳುತ್ತಾನೆ. ಅಲ್ಲಿ ಬಳಸಿದ ಕ್ರಿಯಾಪದ ನಿಝತಿಯ ಬೇರಿನದೇ. ಆದರೆ ಅದರ ಬೆನ್ನಿಗೇ, ಪಶ್ಚಾತ್ತಾಪವಿದ್ದರೂ ತನಗೆ ಬಲವಿದೆ ಎಂಬ ಎಚ್ಚರಿಕೆಯೂ ಇದೆ. ದೊಣ್ಣೆ ಕಾಣಿಸುತ್ತಿರುವಾಗ ತಲೆಯಾಡಿಸಿದವನು ಮನಗಂಡನೋ ಅಂಜಿದನೋ, ಅವನಿಗೇ ತಿಳಿಯಲಿಕ್ಕಿಲ್ಲ.

ಆಮಿಷದಲ್ಲೂ ಇದೇ ಪಜೀತಿ. ಒಡ್ಡು ಹಾಕಿದರೆ ಸಹಾಯಧನ ಎಂದರೆ ನಮ್ಮ ರೈತ ಮೊದಲ ವರ್ಷವೇ ಹಾಕಿಯಾನು. ಮುಂದಿನ ಮಳೆಗೆ ಅದು ಒಡೆದಾಗ, ಯಾರೂ ಹೇಳದೆ ಸಲಿಕೆ ಹಿಡಿದು ಹೊರಟನೇ ಎಂದು ನೋಡಬೇಕು.