ಸಭಾಪಾಲಕರ ಅಧಿಕಾರ ಮತ್ತು ಅದರ ಎಲ್ಲೆ

1970ರ ದಶಕದಲ್ಲಿ ಅಮೆರಿಕದಲ್ಲಿ ಹಬ್ಬಿದ ‘ಷೆಫರ್ಡಿಂಗ್’ ಚಳವಳಿಯಲ್ಲಿ ಕ್ರೈಸ್ತ ಸಭೆಯ ಮೇಲ್ವಿಚಾರಣೆ ವಿಶ್ವಾಸಿಗಳ ಬದುಕಿನ ಮೇಲಿನ ಹಿಡಿತವಾಗಿ ಮಾರ್ಪಟ್ಟಿತು. ಪ್ರತಿ ವಿಶ್ವಾಸಿಗೂ ತನ್ನದೇ ಆದ ಒಬ್ಬ ಪಾಲಕನಿರಬೇಕು, ಅವನ ಮಾತಿಗೆ ವಿಶ್ವಾಸಿ ಅಧೀನನಾಗಿ ನಡೆಯಬೇಕು, ಆ ಪಾಲಕನೂ ತನ್ನ ಮೇಲಿನ ಪಾಲಕನಿಗೆ ಹಾಗೆಯೇ ತಲೆಬಾಗಬೇಕು ಎಂಬುದು ಅದರ ಬೋಧನೆಯ ತಿರುಳು.

ಇದು ಹುಟ್ಟಿದ್ದು ಅಧಿಕಾರದ ಆಸೆಯಿಂದಲ್ಲ. ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ‘ನ್ಯೂ ವೈನ್’ ಪತ್ರಿಕೆಯನ್ನು ಹೊರತರುತ್ತಿದ್ದ ಸಂಸ್ಥೆಯ ನಾಯಕತ್ವ 1970ರಲ್ಲಿ ನೈತಿಕ ಬಿಕ್ಕಟ್ಟಿಗೆ ಸಿಕ್ಕಿತು. ಅದನ್ನು ಸರಿಪಡಿಸಲು ಸೇರಿದ ಬೋಧಕರಾದ ಬಾಬ್ ಮಮ್‌ಫರ್ಡ್, ಚಾರ್ಲ್ಸ್ ಸಿಂಪ್ಸನ್, ಡಾನ್ ಬ್ಯಾಷಮ್ ಮತ್ತು ಡೆರಿಕ್ ಪ್ರಿನ್ಸ್ ಅವರಿಗೆ, ಹೇಳುವವರು ಕೇಳುವವರು ಇಲ್ಲದ ಬೋಧಕ ಎಷ್ಟು ಸುಲಭವಾಗಿ ಜಾರಬಲ್ಲ ಎಂಬುದು ಮನವರಿಕೆಯಾಯಿತು. ತಾವು ಪರಸ್ಪರ ಅಧೀನರಾಗಿರುವುದಾಗಿ ಅವರು ಒಪ್ಪಿಕೊಂಡರು. ಮುಂದೆ ಅರ್ನ್ ಬ್ಯಾಕ್ಸ್ಟರ್ ಇವರ ಜೊತೆಗೂಡಿದರು. ಇವರಲ್ಲಿ ಪ್ರಿನ್ಸ್ 1915ರಲ್ಲಿ ಬೆಂಗಳೂರಿನಲ್ಲಿ, ಬ್ರಿಟಿಷ್ ಸೇನಾ ಕುಟುಂಬದಲ್ಲಿ ಹುಟ್ಟಿದವರು. ಪವಿತ್ರಾತ್ಮನ ವರಗಳಿಗೆ ಒತ್ತು ಕೊಟ್ಟ ಕ್ಯಾರಿಸ್ಮ್ಯಾಟಿಕ್ ಉಜ್ಜೀವನ ಹಬ್ಬಿದ್ದ ಆ ದಶಕದಲ್ಲಿ ಸಾವಿರಾರು ಜನ ಹಳೆಯ ಸಭೆಗಳನ್ನು ಬಿಟ್ಟು, ಯಾವ ಸಭೆಗೂ ಸೇರದೆ ಕೂಟದಿಂದ ಕೂಟಕ್ಕೆ ಅಲೆಯುತ್ತಿದ್ದರು. ಹೆಸರು ಹಿಡಿದು ಕರೆದು ವಿಚಾರಿಸಿಕೊಳ್ಳುವ ಒಬ್ಬ ಹಿರಿಯ ಸಿಕ್ಕಿದ್ದು ಅಂಥವರಿಗೆ ನಿಜವಾದ ನೆಮ್ಮದಿಯೇ ಆಗಿತ್ತು.

ತೊಡಕು ಇದ್ದದ್ದು ಅಧಿಕಾರದ ವ್ಯಾಪ್ತಿಯಲ್ಲಿ. ಪ್ರಾರ್ಥನೆ, ವೇದಪಾಠ, ನಡತೆಯ ತಿದ್ದುಪಡಿ ಸಭಾಪಾಲಕರ ಹಳೆಯ ಹೊಣೆಗಳೇ. ಇಲ್ಲಿ ಮಾತ್ರ ಕೆಲಸ ಬದಲಿಸುವುದು, ಬೇರೆ ಊರಿಗೆ ಹೋಗುವುದು, ಮನೆ ಕೊಳ್ಳುವುದು, ಯಾರನ್ನು ಮದುವೆಯಾಗುವುದು ಎಂಬುದೂ ಪಾಲಕನ ಮುಂದೆ ಬಂತು. ಸಲಹೆ ಕೇಳುವುದಾಗಿ ಶುರುವಾದದ್ದು ಎಷ್ಟೋ ಕಡೆ ಅಪ್ಪಣೆ ಪಡೆಯುವುದಾಯಿತು. ಆದಾಯದ ಹತ್ತನೇ ಒಂದು ಪಾಲಾದ ದಶಮಾಂಶವನ್ನೂ ಅನೇಕರು ನೇರವಾಗಿ ತಮ್ಮ ಪಾಲಕನಿಗೇ ಕೊಡುತ್ತಿದ್ದರು. ಊರು ಬಿಟ್ಟು ಹೊಸ ಕೆಲಸಕ್ಕೆ ಹೊರಟವನಿಗೆ ಪಾಲಕ ಬೇಡವೆಂದರೆ ಮುಂದೆ ದಾರಿಯಿರಲಿಲ್ಲ; ಮತ್ತೆ ಕೇಳಿದರೆ ಅದು ತಿರುಗಿಬೀಳುವ ಮನಸ್ಸು ಎನಿಸಿಕೊಳ್ಳುತ್ತಿತ್ತು. ಪಾಲಕನ ಆಸರೆಯಿಂದ ಹೊರಗೆ ಕಾಲಿಟ್ಟವನಿಗೆ ದೇವರ ರಕ್ಷಣೆಯೂ ತಪ್ಪುತ್ತದೆ ಎಂಬ ಭಯ ಅವನನ್ನು ಕಟ್ಟಿಹಾಕುತ್ತಿತ್ತು. ಈ ಭಯವೇ ಆ ವ್ಯವಸ್ಥೆಯ ಅತ್ಯಂತ ಕ್ರೂರವಾದ ಭಾಗ.

ನಾಯಕರ ಮಾತು ಕೇಳಿ ಎನ್ನುವ ಇಬ್ರಿಯರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯ ಇಂಥ ಬೋಧನೆಗೆ ಮುಖ್ಯ ಆಧಾರ. ಆದರೆ ಮಂದೆಯ ಮೇಲೆ ದೊರೆತನ ನಡೆಸಬಾರದೆಂದು ಪೇತ್ರನ ಮೊದಲ ಪತ್ರಿಕೆ ಸಭೆಯ ಹಿರಿಯರಿಗೇ ಎಚ್ಚರಿಸುತ್ತದೆ. ಬೆರೋಯ ಪಟ್ಟಣದವರು ಪೌಲನ ಬೋಧನೆಯನ್ನೂ ಶಾಸ್ತ್ರದೊಂದಿಗೆ ಹೋಲಿಸಿ ನೋಡಿದರು. ಅಪೊಸ್ತಲರ ಕೃತ್ಯಗಳ ಪುಸ್ತಕ ಅದನ್ನು ದಂಗೆ ಎನ್ನುವುದಿಲ್ಲ, ಹೊಗಳುತ್ತದೆ. ವಿಧೇಯತೆಯ ವಚನವನ್ನು ಇವುಗಳಿಂದ ಬೇರ್ಪಡಿಸಿ ಓದಿದಾಗ ಕೇಳುವವನ ಮನಸ್ಸಾಕ್ಷಿಗೆ ಜಾಗವೇ ಉಳಿಯುವುದಿಲ್ಲ.

ಇನ್ನೊಂದು ದೋಷ ರಚನೆಯಲ್ಲೇ ಇತ್ತು. ಪಾಲಕನೂ ಲೆಕ್ಕ ಒಪ್ಪಿಸುತ್ತಿದ್ದ, ಆದರೆ ತನ್ನ ಮೇಲಿನವನಿಗೆ ಮಾತ್ರ. ಕೆಳಗಿನವನ ದೂರು ಕೇಳುವ ಜಾಗ ಇರಲಿಲ್ಲ. ಹಳೆಯ ಸಭೆಗಳಲ್ಲಿಯೂ ಅಧಿಕಾರದ ದುರುಪಯೋಗ ನಡೆದಿದೆ, ಸಾಕಷ್ಟೇ ನಡೆದಿದೆ. ಆದರೂ ಅಲ್ಲಿ ಬರೆದಿಟ್ಟ ನಿಯಮ, ಚುನಾಯಿತ ಸಮಿತಿ, ಮೇಲ್ಮನವಿ ಎಂಬುವುಗಳಿವೆ. ಕರ್ನಾಟಕದಲ್ಲೂ ಧರ್ಮಪ್ರಾಂತ್ಯಗಳಿರುವ ದಕ್ಷಿಣ ಭಾರತ ಸಭೆ 1947ರಲ್ಲಿ ರೂಪುಗೊಂಡಾಗ ಬಿಷಪ್ ಪದವಿಯನ್ನು ಒಪ್ಪಿಕೊಂಡರೂ ಅದನ್ನು ಸಂವಿಧಾನಕ್ಕೆ ಒಳಪಡಿಸಿತು. ಬಿಷಪ್ಪರೇ ಇಲ್ಲದ ಪರಂಪರೆಗಳಿಂದ ಬಂದವರಿಗೆ ಆ ಖಾತರಿ ಬೇಕಾಗಿತ್ತು.

ಚಳವಳಿಯ ವಿರುದ್ಧ 1975ರಲ್ಲಿ ಬಹಿರಂಗವಾಗಿ ದನಿಯೆದ್ದಿತು. ದೂರದರ್ಶನ ಪ್ರಸಾರಕ ಪ್ಯಾಟ್ ರಾಬರ್ಟ್‌ಸನ್ ಮಮ್‌ಫರ್ಡ್‌ಗೆ ಕಟುವಾದ ಪತ್ರ ಬರೆದು, ಈ ಬೋಧಕರನ್ನು ತಮ್ಮ ವಾಹಿನಿಯಿಂದ ದೂರವಿಟ್ಟರು. ಅದೇ ವರ್ಷದ ಆಗಸ್ಟ್‌ನಲ್ಲಿ ಮಿನಿಯಾಪೊಲಿಸ್‌ನಲ್ಲಿ ಎರಡೂ ಕಡೆಯವರು ಮುಖಾಮುಖಿಯಾದರು, ರಾಜಿಯಾಗಲಿಲ್ಲ. 1976ರಲ್ಲಿ ಐವರು ವಿಷಾದ ಸೂಚಿಸಿದರಾದರೂ ವ್ಯವಸ್ಥೆ ಮುಂದುವರಿಯಿತು. 1980ರ ದಶಕದ ಮೊದಲ ವರ್ಷಗಳಲ್ಲಿ ಪ್ರಿನ್ಸ್ ಹೊರನಡೆದರು. ಒಬ್ಬ ಮನುಷ್ಯ ಇನ್ನೊಬ್ಬನಿಗೆ ಬದುಕಿನುದ್ದಕ್ಕೂ ಪಾಲಕನಾಗಿರಬೇಕೆಂಬ ಬೋಧನೆಯನ್ನು ಒಪ್ಪುವುದು ಅವರಿಗೆ ಸಾಧ್ಯವಾಗಲಿಲ್ಲ. 1986ರ ಕೊನೆಗೆ ‘ನ್ಯೂ ವೈನ್’ ನಿಂತಿತು. ಉಳಿದ ನಾಲ್ವರ ಒಕ್ಕೂಟವೂ ಕರಗಿತು. ಕೆಲವು ವರ್ಷಗಳ ನಂತರ ಮಮ್‌ಫರ್ಡ್ ಬಹಿರಂಗವಾಗಿ ಕ್ಷಮೆ ಕೇಳಿದರು. ಆ ಹೊತ್ತಿಗೆ ಹಲವು ಕುಟುಂಬಗಳು ಒಡೆದಿದ್ದವು, ಹಲವರು ಸಭೆಯ ಸಹವಾಸವನ್ನೇ ಬಿಟ್ಟಿದ್ದರು. ಸಿಂಪ್ಸನ್ ಮಾತ್ರ ಉಳಿದ ಸಭೆಗಳೊಂದಿಗೆ ಸೇವೆ ಮುಂದುವರಿಸಿದರು.